‘ಸುಮ್ಮನೆ ಬಾಯಿ ಆಡಿಸು’ ಎನ್ನಬೇಡಿ

ಬೆಳಗಿನ ಒಂಬತ್ತು, ಒಂಬತ್ತೂವರೆ ಹೊತ್ತಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆಯಿಂದ ಹಲಸೂರು ಕೆರೆಯತ್ತ ನಡೆದು ಬಂದರೆ ಎರಡು ಮೂರು ಕಿಲೋಮೀಟರಿನೊಳಗೆ ನಾಲ್ಕು ಭಾಷೆಯ ಪ್ರಾರ್ಥನೆ ಕಿವಿಗೆ ಬೀಳುತ್ತದೆ. ಉರ್ದು ಶಾಲೆಗಳಲ್ಲಿ ಇಕ್ಬಾಲರು 1902ರಲ್ಲಿ ಮಕ್ಕಳಿಗೆಂದೇ ಬರೆದ ದುವಾ, ಕಾನ್ವೆಂಟುಗಳಲ್ಲಿ ಕೀಬೋರ್ಡಿನ ಜೊತೆ ಇಂಗ್ಲಿಷ್ ಕೀರ್ತನೆ, ಸರ್ಕಾರಿ ಶಾಲೆಗಳಲ್ಲಿ ನಾಡಗೀತೆ, ನಡುವೆ ಎಲ್ಲೋ ತಮಿಳು. ಕೊನೆಗೆ ಎಲ್ಲ ಕಡೆ 52 ಸೆಕೆಂಡಿನ ಜನಗಣಮನ. ಈ ಸೀಮೆಗೆ ಇದು ಹಳೆಯ ರೂಢಿ. 1947ರ ಜುಲೈಯಲ್ಲಿ ಕಂಟೋನ್ಮೆಂಟು ಮೈಸೂರು ಸಂಸ್ಥಾನಕ್ಕೆ ಮರಳುವವರೆಗೂ ಪೇಟೆಯ ಶಾಲೆಗಳು ಬಸವಪ್ಪ ಶಾಸ್ತ್ರಿಗಳು ಬರೆದ ಮೈಸೂರಿನ ಗೀತೆ ಹಾಡುತ್ತಿದ್ದರೆ, ದಂಡಿನ ಶಾಲೆಗಳು ಬ್ರಿಟನ್ನಿನ ದೊರೆಗೆ ಜೈ ಎನ್ನುತ್ತಿದ್ದವು.

ಹಾಗೆಂದು ಮಕ್ಕಳೆಲ್ಲ ಹಾಡುತ್ತಾರೆಯೆ? ಅಸೆಂಬ್ಲಿಯ ಸಾಲಿನ ಪಕ್ಕದಲ್ಲಿ ನಿಂತು ಗಮನಿಸಿ. ಮೈಕಿನ ಮುಂದೆ ಆರಿಸಿ ನಿಲ್ಲಿಸಿದ ನಾಲ್ಕು ಮಕ್ಕಳು, ಸ್ಪೀಕರಿನಲ್ಲಿ ಯಾರೋ ದೊಡ್ಡವರು ಹಾಡಿದ ರೆಕಾರ್ಡು, ಮೊದಲೆರಡು ಸಾಲಿನ ಚಿಕ್ಕವರ ಕೂಗು. ಐದನೇ ಕ್ಲಾಸಿನಿಂದಾಚೆಗೆ ತುಟಿ ಆಡುತ್ತದೆ, ದನಿ ಬರುವುದಿಲ್ಲ. ಹಾಡಿನಿಂದ ಮಗುವಿನ ಮನಸ್ಸಿಗೆ ಏನಾದರೂ ಒಳಿತಾಗುವುದಿದ್ದರೆ ಅದು ದನಿ ತೆಗೆದು ಹಾಡಿದ ಮಗುವಿಗೆ ಆಗುತ್ತದೆ. ಹಾಡಿದಂತೆ ನಿಂತ ಮಗುವಿಗಲ್ಲ. ಈ ಬರಹ ಇರುವುದು ಆ ಹಿಂದಿನ ಸಾಲಿನವರಿಗಾಗಿ, ಅವರ ತಂದೆತಾಯಿಗಾಗಿ, ಮತ್ತು ‘ನನಗೆ ಸಂಗೀತ ಬರಲ್ಲಪ್ಪ’ ಎನ್ನುವ ಕ್ಲಾಸ್ ಟೀಚರುಗಳಿಗಾಗಿ.

ಗೊತ್ತಿರುವುದು ಇಷ್ಟು

ಹಾಡಿದರೆ ಮಕ್ಕಳ ಮೆದುಳು ಚುರುಕಾಗುತ್ತದೆ, ಗಣಿತದಲ್ಲಿ ಅಂಕ ಏರುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲೂ ಶಾಲೆಗಳ ಜಾಹೀರಾತಿನಲ್ಲೂ ಧಾರಾಳವಾಗಿ ಓಡಾಡುತ್ತದೆ. ಅದನ್ನು ನಂಬಿ ಮಗುವನ್ನು ಹಾಡಿಗೆ ಹಚ್ಚಬೇಡಿ. ಜೊವಾನಿ ಸಾಲಾ ಮತ್ತು ಫೆರ್ನಾಂದ್ ಗೊಬೆ ಎಂಬ ಮನಶ್ಶಾಸ್ತ್ರಜ್ಞರು 54 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಅಳೆದು 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸಂಗೀತ ಕಲಿತದ್ದರಿಂದ ಮಕ್ಕಳ ಬುದ್ಧಿಶಕ್ತಿಯಾಗಲಿ ಅಂಕಗಳಾಗಲಿ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ.

ಮನಸ್ಸಿನ ವಿಷಯಕ್ಕೆ ಬಂದರೆ ಚಿತ್ರ ಬೇರೆ. 2010ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೆಬಾಸ್ಟಿಯನ್ ಕಿರ್ಶ್‌ನರ್ ಮತ್ತು ಮೈಕೆಲ್ ಟೊಮಸೆಲ್ಲೊ ನಾಲ್ಕು ವರ್ಷದ 96 ಮಕ್ಕಳನ್ನು ಇಬ್ಬಿಬ್ಬರಾಗಿ ಆಟಕ್ಕೆ ಬಿಟ್ಟರು. ಕೆಲವು ಜೋಡಿಗಳಿಗೆ ಹಾಡು, ತಾಳ, ಕುಣಿತ ಸೇರಿದ ಕಪ್ಪೆಯಾಟ. ಉಳಿದವರಿಗೆ ಅದೇ ಆಟ, ಹಾಡಿಲ್ಲದೆ. ಆಮೇಲೆ ಜೋಡಿಯಲ್ಲಿ ಒಬ್ಬರ ಕೈಯಿಂದ ಗೋಲಿಗಳು ಚೆಲ್ಲುವ ಹಾಗೆ ಮೊದಲೇ ಏರ್ಪಾಡು ಮಾಡಿದ್ದರು. ಒಟ್ಟಿಗೆ ಹಾಡಿದ್ದ ಮಕ್ಕಳು ಆರಿಸಿಕೊಡಲು ಹೆಚ್ಚು ಮುಂದಾದರು. ಐದು ವರ್ಷಗಳ ನಂತರ ಆಕ್ಸ್‌ಫರ್ಡಿನ ಈಲುನೆಡ್ ಪಿಯರ್ಸ್, ರಾಬಿನ್ ಡನ್‌ಬಾರ್ ಮತ್ತಿತರರು ದೊಡ್ಡವರ ಸಂಜೆ ತರಗತಿಗಳನ್ನು ಏಳು ತಿಂಗಳು ಹಿಂಬಾಲಿಸಿದರು. ಕರಕುಶಲ ಕಲೆಯ ಗುಂಪು, ಬರವಣಿಗೆಯ ಗುಂಪು, ಹಾಡಿನ ಗುಂಪು. ಕೊನೆಯಲ್ಲಿ ಮೂರೂ ಗುಂಪಿನವರು ತಂತಮ್ಮಲ್ಲಿ ಹತ್ತಿರವಾಗಿದ್ದರು. ಆದರೆ ಅಪರಿಚಿತರ ನಡುವಿನ ಬಿಗುಪು ಬೇಗ ಸಡಿಲಿದ್ದು ಹಾಡಿದವರಲ್ಲಿ. ಜೂನ್ ತಿಂಗಳಲ್ಲಿ ಹೊಸ ಶಾಲೆಗೆ ಬಂದು ಯಾರ ಪಕ್ಕ ಕೂರಬೇಕೆಂದು ತಿಳಿಯದೆ ನಿಂತ ಮಗುವಿಗೆ ಬೇಕಾದದ್ದು ಈ ‘ಬೇಗ’ವೇ.

ಇಂಗ್ಲೆಂಡಿನ ರಾಷ್ಟ್ರೀಯ ಹಾಡುಗಾರಿಕೆ ಯೋಜನೆ ‘ಸಿಂಗ್ ಅಪ್’ ಕುರಿತು ಗ್ರಹಾಂ ವೆಲ್ಚ್ ತಂಡ 6,087 ಮಕ್ಕಳ ಮಾಹಿತಿ ಇಟ್ಟುಕೊಂಡು 2014ರಲ್ಲಿ ಬರೆದ ಲೇಖನ ಇನ್ನೊಂದು. ಹಾಡಲು ಚೆನ್ನಾಗಿ ಬರುವ ಮಕ್ಕಳಿಗೆ ತಮ್ಮ ಬಗ್ಗೆ ಒಳ್ಳೆಯ ಭಾವನೆ ಇತ್ತು, ತಾವು ಈ ಗುಂಪಿಗೆ ಸೇರಿದವರು ಎಂಬ ನೆಮ್ಮದಿಯೂ ಇತ್ತು. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಆ ಲೆಕ್ಕದಿಂದ ತಿಳಿಯುವುದಿಲ್ಲ. ನೆಮ್ಮದಿಯಾಗಿರುವ ಮಗು ಬಾಯಿಬಿಟ್ಟು ಹಾಡಿರಲೂಬಹುದು. ವೆನೆಜುವೆಲಾದ ‘ಎಲ್ ಸಿಸ್ಟೆಮಾ’ ಸಂಗೀತ ಶಾಲೆಗಳ ಪರೀಕ್ಷೆ ಇನ್ನಷ್ಟು ಗಟ್ಟಿ. 6ರಿಂದ 14 ವರ್ಷದ 2,914 ಮಕ್ಕಳಲ್ಲಿ ಕೆಲವರಿಗೆ ಮೊದಲೇ, ಕೆಲವರಿಗೆ ತಡವಾಗಿ ಪ್ರವೇಶ ಕೊಟ್ಟು ಹೋಲಿಸಿದರು. ವಾದ್ಯ, ಗುಂಪುಗಾಯನ ಎರಡೂ ಇದ್ದ ಆ ಶಾಲೆಗಳಿಂದ ಬಂದ ಫಲ ಸಣ್ಣದು, ಆದರೆ ನಿಜವಾದದ್ದು: ಮಕ್ಕಳಿಗೆ ತಮ್ಮ ಮೇಲೆ ತಮಗೆ ಹಿಡಿತ ಹೆಚ್ಚಿತು. ಹಿಂಸೆಯ ನಡುವೆ ಬೆಳೆಯುತ್ತಿದ್ದ ಹುಡುಗರಲ್ಲಿ ಆ ಫಲ ಹೆಚ್ಚಾಗಿ ಕಂಡಿತು.

ದೇಹದೊಳಗೆ ಏನಾಗುತ್ತದೆ? ಹಾಡುವಾಗ ನಾವು ಉಸಿರನ್ನು ಚುರುಕಾಗಿ ಎಳೆದುಕೊಂಡು ಸಾಲು ಮುಗಿಯುವವರೆಗೆ ನಿಧಾನ ಬಿಡುತ್ತೇವೆ. ಉಸಿರು ಬಿಡುವ ಹೊತ್ತು ಉದ್ದವಾದಂತೆ ಹೃದಯದ ಬಡಿತ ತಗ್ಗುತ್ತದೆ. ಸ್ವೀಡನ್ನಿನ ಬ್ಯೋರ್ನ್ ವಿಕ್‌ಹಾಫ್ ತಂಡ 2013ರಲ್ಲಿ 18 ವರ್ಷದ ಯುವಕ ಯುವತಿಯರನ್ನು ಒಟ್ಟಿಗೆ ಹಾಡಿಸಿ ಅಳೆದಾಗ ಅವರ ಎದೆಬಡಿತದ ಏರಿಳಿತ ಹಾಡಿನ ಸಾಲುಗಳನ್ನು ಅನುಸರಿಸಿ ಒಂದಕ್ಕೊಂದು ಹೊಂದಿಕೊಂಡಿತು. ಪ್ರಾಣಾಯಾಮದ ಪಾಠದಲ್ಲಿ ಕಿಟಕಿ ನೋಡುತ್ತ ಕೂರುವ ಏಳನೇ ಕ್ಲಾಸಿನ ಹುಡುಗನೂ ಹಾಡಿನ ನೆಪದಲ್ಲಿ ಅದನ್ನೇ ಮಾಡಿರುತ್ತಾನೆ. ಆಕ್ಸಿಟೋಸಿನ್ ಎಂಬ ‘ಪ್ರೀತಿಯ ಹಾರ್ಮೋನು’ ಉಕ್ಕುತ್ತದೆ ಎನ್ನುವ ಮಾತಿಗೆ ಮಾತ್ರ ಸಾಕ್ಷ್ಯ ಮಿಶ್ರವಾಗಿದೆ, ಅದನ್ನು ಬದಿಗಿಡೋಣ.

ನಾಲ್ಕು ಭಾಷೆಯ ಕ್ಲಾಸು

ಬೆಂಗಳೂರಿನ ಈ ಪೂರ್ವ ಭಾಗದಲ್ಲಿ ಹಾಡಿಗೆ ಇನ್ನೊಂದು ಕೆಲಸವೂ ಇದೆ. ಕೆ.ಆರ್. ಪುರದ ಸರ್ಕಾರಿ ಶಾಲೆಯ ಒಂದು ಬೆಂಚಿನಲ್ಲಿ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು, ಮನೆಯಲ್ಲಿ ತೆಲುಗಾಡುವ ಹುಡುಗ, ವಾಚ್‌ಮನ್ ಕೆಲಸಕ್ಕೆ ನೇಪಾಳದಿಂದ ಬಂದವರ ಮಗ ಒಟ್ಟಿಗೆ ಕೂತಿರಬಹುದು. ಹೊಸ ಭಾಷೆಗೆ ಬಿದ್ದ ಮಗು ಮೊದಲ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ಬಾಯಿ ಬಿಡುವುದಿಲ್ಲ. ದಡ್ಡತನವಲ್ಲ, ಹಟವೂ ಅಲ್ಲ; ಕೇಳಿಸಿಕೊಳ್ಳುವ ಹಂತ. ಆಗ ‘ನಿನ್ನ ಹೆಸರೇನು, ಹೇಳು’ ಎಂದು ಎದ್ದು ನಿಲ್ಲಿಸಿದರೆ ಮಗು ಇನ್ನಷ್ಟು ಮುದುಡುತ್ತದೆ. ಮೂವತ್ತು ದನಿಗಳ ಮರೆಯಲ್ಲಿ ತಪ್ಪು ಉಚ್ಚಾರ ಯಾರಿಗೂ ಕೇಳಿಸದು. ಅಲ್ಲಿ ಅದು ಕನ್ನಡದ ಮೊದಲ ಶಬ್ದಗಳನ್ನು ಧೈರ್ಯವಾಗಿ ಬಾಯಲ್ಲಿ ಹೊರಳಿಸಿ ನೋಡುತ್ತದೆ. ಉಗ್ಗುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಮಾತಿನಲ್ಲಿ ತಡವರಿಸುವ ಬಹಳ ಮಕ್ಕಳು ಹಾಡುವಾಗ ತಡವರಿಸುವುದಿಲ್ಲ. ಇದರಿಂದ ಉಗ್ಗು ಗುಣವಾಗುತ್ತದೆ ಎಂದಲ್ಲ. ಆದರೆ ತಾನೂ ಎಲ್ಲರ ಜೊತೆ ಸರಾಗವಾಗಿ ಒಂದು ಸಾಲು ಮುಗಿಸಬಲ್ಲೆ ಎಂಬುದು ದಿನಕ್ಕೊಮ್ಮೆ ತಿಳಿದರೆ ಆ ಮಗುವಿಗೆ ಅದು ಸಣ್ಣ ಸಂಗತಿಯಲ್ಲ.

ಹೊಸಬರು ನಮ್ಮ ಹಾಡು ಕಲಿತರೆ ಸಾಲದು, ಅವರ ಹಾಡೂ ಕ್ಲಾಸಿಗೆ ಬರಬೇಕು. ತಿಂಗಳಿಗೊಂದು ಮನೆಯ ಹಾಡು ಎಂದು ಇಟ್ಟುಕೊಳ್ಳಿ. ಮಗು ಅಜ್ಜಿಯಿಂದಲೋ ಅಮ್ಮನಿಂದಲೋ ಒಂದು ಜೋಗುಳ, ಒಂದು ಆಟದ ಹಾಡು ಕೇಳಿಕೊಂಡು ಬರಲಿ; ಎರಡೇ ಸಾಲಾದರೂ ಸರಿ. ಉತ್ತರ ಕರ್ನಾಟಕದ ಕೂಲಿಯವರ ಶೆಡ್ಡುಗಳಲ್ಲಿ ಬೀಸುಕಲ್ಲಿನ ಪದ, ಡೊಳ್ಳಿನ ಪದ ಬಲ್ಲ ಹೆಂಗಸರು, ಗಂಡಸರು ಈಗಲೂ ಸಿಗುತ್ತಾರೆ. ಹಲಸೂರಿನ ತಮಿಳು ಮನೆಗಳಲ್ಲಿ ಸುಬ್ರಹ್ಮಣ್ಯ ಭಾರತಿಯವರ ಮಕ್ಕಳ ಪದ್ಯ ಬಾಯಿಪಾಠವಾಗಿರುವ ತಾತಂದಿರಿದ್ದಾರೆ. ಹಾಡು ತಂದ ಮಗು ಅವತ್ತಿನ ಮಟ್ಟಿಗೆ ಟೀಚರಿಗೂ ಟೀಚರು. ‘ಬರ್ತೈತಿ’, ‘ಹೋಗ್ತೈತಿ’ ಎಂದು ಹಾಡಿದರೆ ಅಲ್ಲೇ ತಿದ್ದಲು ಹೋಗಬೇಡಿ, ಕ್ಲಾಸೂ ಹಾಗೆಯೇ ಹಾಡಲಿ.

ಮನೆಗಳಲ್ಲಿ ದೇವರು ಬೇರೆ ಬೇರೆ ಇರುವ ಶಾಲೆಯಲ್ಲಿ ಯಾವ ಹಾಡು ಎಂಬ ಪ್ರಶ್ನೆ ಬಂದೇ ಬರುತ್ತದೆ. ಜಿ.ಪಿ. ರಾಜರತ್ನಂ, ಪಂಜೆ ಮಂಗೇಶರಾಯರು, ಸಿದ್ದಯ್ಯ ಪುರಾಣಿಕರು, ಎಚ್.ಎಸ್. ವೆಂಕಟೇಶಮೂರ್ತಿಯವರು ಮಕ್ಕಳಿಗೆ ಬರೆದದ್ದೇ ಒಂದು ವರ್ಷಕ್ಕೆ ಸಾಕು. ಅಲ್ಲಿ ನಾಯಿ, ಹಾವು, ಮಳೆ, ರೊಟ್ಟಿ ಇವುಗಳದೇ ರಾಜ್ಯ. ದೊಡ್ಡ ಮಕ್ಕಳಿಗೆ ಶಿಶುನಾಳ ಶರೀಫರು. ಮುಸ್ಲಿಂ ಮನೆಯಲ್ಲಿ ಹುಟ್ಟಿ ಗೋವಿಂದ ಭಟ್ಟರ ಶಿಷ್ಯನಾಗಿ ಹಾಡಿದ ಶರೀಫರಿಗಿಂತ ಶಿವಾಜಿನಗರಕ್ಕೆ ಒಪ್ಪುವ ಕವಿ ನನಗಂತೂ ತೋರದು. ನಾಡಗೀತೆಯನ್ನೇ ತೆಗೆದುಕೊಳ್ಳಿ. 2004ರಲ್ಲಿ ಅಧಿಕೃತವಾದ ಕುವೆಂಪು ಅವರ ಈ ಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು ಸರ್ಕಾರ ಗೊತ್ತುಮಾಡಿದ್ದು 2022ರಲ್ಲಿ. ಅದರಲ್ಲಿ ಋಷಿಗಳು, ಆಚಾರ್ಯರು, ಕವಿಗಳು, ನದಿಗಳ ಹೆಸರು ಸಾಲುಸಾಲಾಗಿ ಬರುತ್ತವೆ. ಮೂರನೇ ಕ್ಲಾಸಿನ ನಾಲಿಗೆಗೆ ಅದು ಸುಲಭದ ತುತ್ತಲ್ಲ. ಅರ್ಥ ತಿಳಿಯದ ಹೆಸರುಗಳನ್ನು ಮಕ್ಕಳು ನುಂಗಿಬಿಡುತ್ತಾರೆ, ಅಲ್ಲಿಂದಲೇ ಬಾಯಿ ಆಡಿಸುವುದು ಶುರು. ವಾರಕ್ಕೆ ಒಂದು ಹೆಸರು ಎತ್ತಿಕೊಂಡು ಕತೆ ಹೇಳಿ. ನಾನಕರ ಹೆಸರು ಬಂದಾಗ ಕೆರೆಯ ದಡದ ಗುರುದ್ವಾರ ಹಲಸೂರಿನ ಮಕ್ಕಳಿಗೆ ಕಣ್ಣೆದುರೇ ಇದೆ.

ಹಾಡಲು ಒಪ್ಪದ ಮಗುವಿದ್ದರೆ? ರಾಷ್ಟ್ರಗೀತೆಯನ್ನು ಎಲ್ಲ ಶಾಲೆಗಳಲ್ಲೂ ದಿನವೂ ಹಾಡಿಸಬೇಕೆಂದು 2022ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಆದೇಶಿಸಿದೆ, ನಿಜ. ಆದರೆ ಕೇರಳದ ಮೂವರು ಮಕ್ಕಳು ತಮ್ಮ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದು ನಿಂತದ್ದಕ್ಕೆ ಶಾಲೆಯಿಂದ ಹೊರಹಾಕಿಸಿಕೊಂಡ ಬಿಜೋ ಇಮ್ಯಾನ್ಯುಯಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1986ರಲ್ಲೇ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಗೌರವದಿಂದ ನಿಂತರೆ ಸಾಕು, ಹಾಡಲೇಬೇಕೆಂಬ ಬಲವಂತ ಸಲ್ಲದು. ರಾಷ್ಟ್ರಗೀತೆಗೇ ಹೀಗಿರುವಾಗ ಉಳಿದ ಹಾಡುಗಳಿಗೆ ಬೆತ್ತ ಯಾಕೆ?

ಒಂದು ವಾಕ್ಯ ಮಾಡುವ ಹಾನಿ

ಆ್ಯನುಯಲ್ ಡೇ ಹತ್ತಿರ ಬಂದಂತೆ ಕೇಳಿಬರುವ ಒಂದು ಮಾತಿದೆ: ‘ನೀನು ದನಿ ತೆಗೀಬೇಡ, ಸುಮ್ಮನೆ ಬಾಯಿ ಆಡಿಸು.’ ಹೇಳಿದವರಿಗೆ ಅದು ಆ ಸಂಜೆಯ ಅನುಕೂಲ. ಕೇಳಿದ ಮಗುವಿಗೆ ಅದು ಆಯುಷ್ಯವಿಡೀ ಉಳಿಯುತ್ತದೆ. ‘ನನಗೆ ಹಾಡು ಬರಲ್ಲ’ ಎನ್ನುವ ಐವತ್ತರ ಗೃಹಸ್ಥರನ್ನು ಸ್ವಲ್ಪ ಕೆದಕಿ. ಹಿಂದೆ ಯಾರೋ ಮಿಸ್ಸು, ಯಾರೋ ಮೇಷ್ಟ್ರು, ಇಲ್ಲವೇ ಸ್ವಂತ ಅಣ್ಣ ಹೊರಬರುತ್ತಾರೆ. ಸ್ವರಗಳ ಏರಿಳಿತವನ್ನು ಮೆದುಳು ಹಿಡಿಯಲಾಗದ ‘ಅಮ್ಯೂಸಿಯಾ’ ಎಂಬ ಹುಟ್ಟು ಸ್ಥಿತಿ ಇರುವುದು ಹೌದು, ಆದರೆ ಅದು ನೂರಕ್ಕೆ ಒಂದೂವರೆ ಮಂದಿಯಲ್ಲಿ ಎಂದು ಕೆನಡಾದ ಇಸಾಬೆಲ್ ಪೆರೆಟ್ಸ್ ಮತ್ತು ಡೊಮಿನಿಕ್ ವುವಾನ್ ಅವರ 2017ರ ಅಂದಾಜು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಹೆಚ್ಚೆಂದರೆ ಒಬ್ಬರು. ಉಳಿದ ‘ಅಪಸ್ವರ’ಗಳೆಲ್ಲ ಅಭ್ಯಾಸ ಸಾಲದ್ದರ, ಅಥವಾ ಶ್ರುತಿ ತಪ್ಪು ಜಾಗದಲ್ಲಿ ಹಿಡಿದದ್ದರ ಫಲ. ಅಂದ ಹಾಗೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಎಲ್ಲರೆದುರು ದನಿಯನ್ನು ಆಡಿಕೊಳ್ಳುವುದು ಅದರಿಂದ ಬಹಳ ದೂರವೇನಿಲ್ಲ.

ಸ್ಪರ್ಧೆಯ ಬಗ್ಗೆಯೂ ಒಂದು ಮಾತು. ಪ್ರತಿಭಾ ಕಾರಂಜಿ ಒಳ್ಳೆಯ ವೇದಿಕೆ, ಅಲ್ಲಿಂದ ಹಾಡುಗಾರರು ಬಂದಿದ್ದಾರೆ. ಕಂಟೋನ್ಮೆಂಟಿನ ಶಾಲೆಗಳ ಕ್ವೈರ್‌ಗಳಿಗೂ, ಡಿಸೆಂಬರಿನ ಕ್ಯಾರಲ್‌ಗಳಿಗೂ ತಮ್ಮದೇ ಘನತೆ ಇದೆ. ಇಂದಿರಾನಗರದಲ್ಲಿ ಪುರಂದರ ಭವನವಿದೆ, ಸಂಗೀತ ಸಭೆ ಇದೆ, ಮನೆ ಮನೆಗೂ ವೀಕೆಂಡ್ ಪಾಠವಿದೆ. ಇವೆಲ್ಲ ಬೇಕು. ಆದರೆ ಶಾಲೆಯ ಎಲ್ಲ ಹಾಡಿನ ಹೊತ್ತು ಬಹುಮಾನದ ಹದಿನೈದು ಮಕ್ಕಳಿಗೆ ಮೀಸಲಾದರೆ ಉಳಿದ ಐನೂರು ಮಕ್ಕಳು ಚಪ್ಪಾಳೆ ತಟ್ಟುವವರಾಗಿ ಬೆಳೆಯುತ್ತಾರೆ. ಇನ್ನೊಂದು ವಿಚಿತ್ರ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿಕಲಿ ಎಂಬ ಕಲಿಕೆಯ ಪದ್ಧತಿಯಿಂದಾಗಿ ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳಲ್ಲಿ ಹಾಡು ಪಾಠದ ಭಾಗ. ನಾಲ್ಕನೇ ಕ್ಲಾಸಿಗೆ ಬರುತ್ತಿದ್ದಂತೆ ಅದು ಮಾಯ. ಮನಸ್ಸು ಏರುಪೇರಾಗುವ, ಗೆಳೆತನ ಮುರಿಯುವ, ಪರೀಕ್ಷೆಯ ಭಯ ಹತ್ತುವ ವಯಸ್ಸು ಶುರುವಾಗುವುದೇ ಆಗ.

ಸಂಗೀತ ಬಾರದ ಟೀಚರಿಗೆ

ದಿನಕ್ಕೆ ಹತ್ತು ನಿಮಿಷ ಸಾಕು. ಅಸೆಂಬ್ಲಿಯಲ್ಲಿ ಬೇಡ, ಕ್ಲಾಸಿನಲ್ಲಿ. ಮಧ್ಯಾಹ್ನ ಊಟದ ನಂತರದ ಮೊದಲ ಪೀರಿಯಡ್ಡಿನ ಆರಂಭ ಬಲು ಒಳ್ಳೆಯ ಹೊತ್ತು. ಮೈದಾನದ ಜಗಳ, ಅಳು, ಬೆವರು ಎಲ್ಲ ಒಳಗೆ ಬಂದಿರುತ್ತದೆ; ಪಾಠ ಹೇಗೂ ತಲೆಗೆ ಹತ್ತುವುದಿಲ್ಲ. ಒಂದು ತಿಂಗಳಿಗೆ ಮೂರೇ ಹಾಡು. ಹೊಸ ಹಾಡಿನ ಚಪಲಕ್ಕೆ ಬೀಳಬೇಡಿ. ಮಕ್ಕಳಿಗೆ ಬೇಸರವಾಗುವುದಕ್ಕಿಂತ ಬಹಳ ಮೊದಲು ನಮಗೆ ಬೇಸರವಾಗಿರುತ್ತದೆ.

ಬ್ಲೂಟೂತ್ ಸ್ಪೀಕರನ್ನು ಕಪಾಟಿನಲ್ಲಿಡಿ. ಟ್ರ್ಯಾಕ್ ಹಾಕಿದ ಕೂಡಲೇ ಮಕ್ಕಳ ದನಿ ಅದರಡಿ ಹೂತುಹೋಗುತ್ತದೆ. ಅದರ ವೇಗಕ್ಕೆ ಓಡಲಾಗದವರು ನಿಲ್ಲಿಸಿಬಿಡುತ್ತಾರೆ. ನಿಮ್ಮ ದನಿ ಒಡಕಾಗಿದ್ದರೂ ಅದೇ ಮೇಲು, ಯಾಕೆಂದರೆ ಅದು ಮಕ್ಕಳಿಗಾಗಿ ಕಾಯುತ್ತದೆ. ನೀವು ಒಂದು ಸಾಲು, ಅವರು ಒಂದು ಸಾಲು. ಭಜನೆಯಲ್ಲಿ ಹೇಳಿಕೊಡುವ ಕ್ರಮವೇ ಇದು. ಜೊತೆಗೆ ಚಪ್ಪಾಳೆ, ಬೆಂಚಿನ ಮೇಲೆ ಬೆರಳಿನ ತಾಳ. ಆಮೇಲೆ ಅದೇ ಹಾಡನ್ನು ಬಾಯಿ ಮುಚ್ಚಿ ಗುನುಗಿಸಿ. ಗಲಾಟೆಯ ಕ್ಲಾಸನ್ನು ‘ಸೈಲೆನ್ಸ್’ ಎಂದು ಕಿರುಚಿ ಅಡಗಿಸುವುದಕ್ಕಿಂತ ಗುನುಗಿಸಿ ತಣಿಸುವುದು ಸುಲಭ. ಪ್ರಯೋಗಿಸಿ ನೋಡಿ.

ಶ್ರುತಿ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿ. ದೊಡ್ಡವರು, ಅದರಲ್ಲೂ ಮೇಷ್ಟ್ರುಗಳು, ತಮಗೆ ಹಿತವಾದ ತಗ್ಗಿನಲ್ಲಿ ಎತ್ತಿಕೊಳ್ಳುತ್ತಾರೆ. ಏಳೆಂಟು ವರ್ಷದ ಗಂಟಲಿಗೆ ಅಷ್ಟು ಕೆಳಗಿನ ಸ್ವರಗಳು ಸಿಗುವುದಿಲ್ಲ, ಮಗು ಮಾತಿನ ದನಿಯಲ್ಲೇ ಗೊಣಗುತ್ತದೆ, ನಾವು ‘ಇದಕ್ಕೆ ಶ್ರುತಿಯೇ ಇಲ್ಲ’ ಎನ್ನುತ್ತೇವೆ. ನಿಮಗೆ ಹಿತವೆನಿಸಿದ ಜಾಗಕ್ಕಿಂತ ಒಂದಷ್ಟು ಏರಿಸಿ ಶುರುಮಾಡಿ. ಹಾಡಿನ ಅತಿ ತಗ್ಗಿನ ಸಾಲು ಗೊಣಗಾಟವಾಗದೆ, ಅತಿ ಎತ್ತರದ ಸಾಲು ಕಿರುಚಾಟವಾಗದೆ ಬಂದರೆ ಸರಿಯಾದ ಜಾಗ ಸಿಕ್ಕಿತೆಂದು ಅರ್ಥ. ಸಿನಿಮಾ ಹಾಡುಗಳ ಬಗ್ಗೆ ನನಗೆ ಮಡಿವಂತಿಕೆಯಿಲ್ಲ, ಆದರೆ ಅವು ದೊಡ್ಡ ಗಾಯಕರ ಗಂಟಲಿಗೆ ಹೊಲಿದ ಅಂಗಿಗಳು. ಸ್ವರಗಳ ಅಂತರ ಕಡಿಮೆಯಿರುವುದನ್ನೇ ಆರಿಸಿಕೊಳ್ಳಿ. ಜನಪದ ಗೀತೆಗಳು ಸಾಮಾನ್ಯವಾಗಿ ಐದಾರು ಸ್ವರದೊಳಗೇ ಓಡಾಡುತ್ತವೆ, ಅದಕ್ಕೇ ಅವು ಎಲ್ಲರ ಬಾಯಿಗೂ ಬರುತ್ತವೆ.

ಸ್ವರ ಸೇರದ ಮಗುವಿಗೆ ಒಂದು ಉಪಾಯ. ‘ನನ್ನ ಹಾಗೆ ಹಾಡು’ ಎನ್ನಬೇಡಿ. ಮಗುವೇ ‘ಊ’ ಎಂದು ಒಂದು ಸ್ವರ ಹಿಡಿಯಲಿ, ನೀವು ಹೋಗಿ ಅದಕ್ಕೆ ಸೇರಿ. ಎರಡು ದನಿ ಒಂದಾದಾಗ ಕಿವಿಯೊಳಗೆ ಏನಾಗುತ್ತದೆ ಎಂಬುದು ಅದಕ್ಕೆ ಒಮ್ಮೆ ತಿಳಿದರೆ ಮುಂದೆ ತಾನೇ ಹುಡುಕಿಕೊಳ್ಳುತ್ತದೆ. ಆಂಬುಲೆನ್ಸಿನ ಆಟವನ್ನೂ ಆಡಿಸಬಹುದು. ತಗ್ಗಿನಿಂದ ಎತ್ತರಕ್ಕೆ, ಎತ್ತರದಿಂದ ತಗ್ಗಿಗೆ ದನಿಯನ್ನು ಜಾರಿಸುವುದು. ಟಿನ್ ಫ್ಯಾಕ್ಟರಿಯ ಸಿಗ್ನಲ್ಲಿನಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ.

ಒಂಟಿಯಾಗಿ ಎದ್ದು ಹಾಡಿಸುವುದು ಮಗು ತಾನಾಗಿ ಕೈ ಎತ್ತಿದಾಗ ಮಾತ್ರ. ಅಂಕ ಇಲ್ಲ, ಗ್ರೇಡ್ ಇಲ್ಲ, ವಿಡಿಯೊ ಅಂತೂ ಬೇಡವೇ ಬೇಡ. ಪೋಷಕರ ಗ್ರೂಪಿಗೆ ಹೋಗುತ್ತದೆ ಎಂದು ಗೊತ್ತಾದ ಕ್ಷಣ ಹಾಡು ಪರೀಕ್ಷೆಯಾಗುತ್ತದೆ. ಜೋರು ಸದ್ದು ತಾಳದ ಮಕ್ಕಳಿರುತ್ತಾರೆ, ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು. ಅವರು ಬಾಗಿಲ ಬಳಿ ನಿಲ್ಲಲಿ, ಕಿವಿಗೆ ಕೈ ಇಟ್ಟುಕೊಳ್ಳಲಿ, ಬೇಕೆನಿಸಿದಾಗ ಸೇರಲಿ. ಕಿವಿ ಮಂದವಿರುವ ಮಗುವಿಗೆ ಬೆಂಚಿನ ಕಂಪನ ಕೈಗೆ ತಿಳಿಯುತ್ತದೆ, ತಾಳದ ಜವಾಬ್ದಾರಿ ಅದಕ್ಕೇ ಕೊಡಿ.

ಹನ್ನೆರಡರಿಂದ ಹದಿನೈದರ ಗಂಡುಮಕ್ಕಳದು ಬೇರೆ ಕತೆ. ಧ್ವನಿಪೆಟ್ಟಿಗೆ ಬೆಳೆದು ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ನಡುವೆ ಒಡೆಯುತ್ತದೆ, ಕ್ಲಾಸು ನಗುತ್ತದೆ. ಚಂದವಾಗಿ ಹಾಡುತ್ತಿದ್ದ ಹುಡುಗರು ಹಾಡು ಬಿಡುವುದು ಬಹುತೇಕ ಇದೇ ವಯಸ್ಸಿನಲ್ಲಿ. ಹೀಗಾಗುತ್ತದೆ ಎಂದು ಆರನೇ ಕ್ಲಾಸಿನಲ್ಲೇ ಹೇಳಿಬಿಡಿ. ಆಗ ತಗ್ಗಿನ ಎರಡು ಮೂರು ಸ್ವರಗಳ ಪಲ್ಲವಿ, ಮಾತಿನ ಲಯದ ರ್‍ಯಾಪ್, ಕೋಲಾಟ, ತಮಟೆ ಏನಾದರೂ ಕೊಟ್ಟು ಗುಂಪಿನೊಳಗೇ ಉಳಿಸಿಕೊಳ್ಳಿ. ಹೆಣ್ಣುಮಕ್ಕಳ ದನಿಯೂ ಆ ವಯಸ್ಸಿನಲ್ಲಿ ಎರಡು ಮೂರು ಸ್ವರ ಇಳಿಯುತ್ತದೆ, ಉಸಿರು ಬೆರೆತಂತಾಗುತ್ತದೆ. ಅದು ಯಾರ ಗಮನಕ್ಕೂ ಬರುವುದಿಲ್ಲ ಅಷ್ಟೆ.

ಗಂಟಲಿನ ವಿಷಯ ಚುಟುಕಾಗಿ. ನೀರು ಕುಡಿಸಿ, ಕಿರುಚಿ ಹಾಡಿಸಬೇಡಿ. ಗಂಟಲು ಕಟ್ಟಿದ್ದು ಮೂರು ನಾಲ್ಕು ವಾರವಾದರೂ ಬಿಡದಿದ್ದರೆ ಬೌರಿಂಗ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಹೆಣ್ಣೂರು ರಸ್ತೆಯಲ್ಲಿರುವ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯೂ ಈ ಭಾಗದವರಿಗೆ ಹತ್ತಿರ; ಉಗ್ಗಿಗೂ ಅಲ್ಲಿ ತೋರಿಸಬಹುದು.

ಮನೆಯಲ್ಲಿ

‘ಆಂಟಿ ಬಂದಿದ್ದಾರ್ ನೋಡು, ಒಂದು ಹಾಡು ಹೇಳು ಪುಟ್ಟಾ’ ಎನ್ನುವುದನ್ನು ಮೊದಲು ನಿಲ್ಲಿಸಬೇಕು. ಹಾಡು ಮನೆಯಲ್ಲಿ ಪ್ರದರ್ಶನಕ್ಕಿಡುವ ವಸ್ತುವಾದರೆ ಮಗು ಶಾಲೆಯಲ್ಲೂ ಅದನ್ನು ಹಾಗೆಯೇ ನೋಡುತ್ತದೆ. ಅದರ ಬದಲು ನೀವು ಹಾಡಿ. ಅಡುಗೆ ಮಾಡುವಾಗ, ತಲೆ ಬಾಚುವಾಗ, ಹಳೇ ಮದ್ರಾಸ್ ರಸ್ತೆಯಲ್ಲಿ ಗಾಡಿ ಮುಂದೆ ಹೋಗದೆ ನಿಂತಾಗ. ಸ್ಕೂಲ್ ವ್ಯಾನಿನಲ್ಲಿ ಮುಕ್ಕಾಲು ಗಂಟೆ ಕೂರುವ ಮಕ್ಕಳಿಗೆ ಅಂತ್ಯಾಕ್ಷರಿ ಕಲಿಸಿ ಕಳಿಸಿ. ಡ್ರೈವರಣ್ಣನಿಗೂ ಹೊತ್ತು ಹೋಗುತ್ತದೆ. ಸಂಗೀತ ಕ್ಲಾಸಿಗೆ ಹಾಕಿದ್ದರೆ ಬಹಳ ಸಂತೋಷ. ಆದರೆ ಸರಳೆ ವರಸೆ ಸರಿಯಾಯಿತೇ, ಟ್ರಿನಿಟಿ ಗ್ರೇಡು ಎಷ್ಟಕ್ಕೆ ಬಂತು ಎಂಬ ವಿಚಾರಣೆ ವಾರಕ್ಕೊಮ್ಮೆ ಸಾಕು. ಅಭ್ಯಾಸಕ್ಕೆ ಕೂರುವ ಹಾಡು ಬೇರೆ, ಸುಮ್ಮನೆ ಬಾಯಿಗೆ ಬರುವ ಹಾಡು ಬೇರೆ. ಎರಡಕ್ಕೂ ಮನೆಯಲ್ಲಿ ಜಾಗವಿರಲಿ.

ಮಕ್ಕಳು ದುಃಖದಲ್ಲಿರುವಾಗ ಖುಷಿಯ ಹಾಡು ಹಾಡಿಸಿ ಎಬ್ಬಿಸುವ ಆತುರವೂ ಬೇಡ. ಅಜ್ಜ ತೀರಿಕೊಂಡ ವಾರದಲ್ಲಿ ಅಜ್ಜನಿಗೆ ಇಷ್ಟವಾಗಿದ್ದ ಹಾಡನ್ನು ಒಟ್ಟಿಗೆ ಹಾಡಿ ಅತ್ತರೆ ತಪ್ಪೇನೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೂ ಹಾಡಿತ್ತು.

ಶಾಲೆಯನ್ನು ಕೇಳಬೇಕಾದದ್ದು

ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ಈ ಮಾತು ಎತ್ತಬಹುದು. ‘ನಿಮ್ಮಲ್ಲಿ ಸಂಗೀತ ಇದೆಯೇ’ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ, ಆ್ಯನುಯಲ್ ಡೇ ಫೋಟೊ ತೋರಿಸುತ್ತಾರೆ. ಹೀಗೆ ಕೇಳಿ: ಕಳೆದ ವಾರ ನನ್ನ ಮಗುವಿನ ಕ್ಲಾಸಿನ ಎಲ್ಲ ಮಕ್ಕಳೂ ಒಟ್ಟಿಗೆ ಹಾಡಿದ್ದು ಯಾವಾಗ? ಏಳನೇ, ಎಂಟನೇ ಕ್ಲಾಸಿಗೆ ಹಾಡು ಟೈಮ್‌ಟೇಬಲ್ಲಿನಲ್ಲಿ ಇದೆಯೇ, ಅಥವಾ ಪರೀಕ್ಷೆ ಹತ್ತಿರ ಬಂದಾಗ ಗಣಿತದವರಿಗೆ ಹೋಗುತ್ತದೆಯೇ? ಗುಂಪಿಗೆ ಮಕ್ಕಳನ್ನು ಆರಿಸುವಾಗ ಬಿಟ್ಟುಹೋದವರಿಗೆ ಏನು ಹೇಳುತ್ತೀರಿ? ಕಲೆಯನ್ನು ಪಠ್ಯದ ಅಂಚಿನಲ್ಲಿಡದೆ ಶಾಲೆಯ ದಿನಚರಿಯೊಳಗೆ ತರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ, ಹಾಗಾಗಿ ನೀವು ಕೇಳುತ್ತಿರುವುದು ವಿಶೇಷ ಸವಲತ್ತಲ್ಲ. ಸಂಗೀತ ಶಿಕ್ಷಕರ ಹುದ್ದೆಯಿಲ್ಲ ಎಂಬ ಉತ್ತರ ಬಂದರೆ, ಹತ್ತು ನಿಮಿಷಕ್ಕೆ ಹುದ್ದೆ ಬೇಕಿಲ್ಲ ಎನ್ನಿ. ಹಾಡು ಬಲ್ಲ ಒಬ್ಬ ಅಜ್ಜಿ ಶನಿವಾರ ಬಂದು ಹೋಗಲು ಅನುಮತಿ ಕೇಳಿ.

ಹಾಡು ಔಷಧವಲ್ಲ

ಒಂದು ಗಡಿಯನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಗುಂಪಿನಲ್ಲಿ ಹಾಡುವುದು ಆರೋಗ್ಯವಾಗಿರುವ ಮಗುವಿನ ದಿನವನ್ನು ಹಗುರ ಮಾಡುತ್ತದೆ, ಅಂಜುವ ಮಗುವಿಗೆ ಸೇರುವ ದಾರಿ ತೋರಿಸುತ್ತದೆ. ಖಿನ್ನತೆಗೆ, ತೀವ್ರ ಆತಂಕಕ್ಕೆ, ಮನೆಯೊಳಗಿನ ಹಿಂಸೆಗೆ ಅದು ಚಿಕಿತ್ಸೆಯಲ್ಲ. ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವು ಬರುತ್ತಿದ್ದರೆ, ಇಷ್ಟದ ಆಟವನ್ನೂ ಬಿಟ್ಟಿದ್ದರೆ, ಸಾಯುವ ಮಾತಾಡಿದರಂತೂ ಆ ಕ್ಷಣವೇ, ತಿಳಿದವರ ಹತ್ತಿರ ಹೋಗಬೇಕು. ಹಾಡಿನ ಹೊತ್ತಿನಲ್ಲಿ ಟೀಚರಿಗೆ ಇದು ಬೇರೆಯವರಿಗಿಂತ ಮೊದಲು ಕಣ್ಣಿಗೆ ಬೀಳುವುದುಂಟು. ನಿನ್ನೆಯವರೆಗೆ ಹಾಡುತ್ತಿದ್ದ ಮಗು ಏಕಾಏಕಿ ನಿಲ್ಲಿಸಿದರೆ ಗದರಬೇಡಿ. ಕ್ಲಾಸು ಮುಗಿದ ಮೇಲೆ ಪಕ್ಕಕ್ಕೆ ಕರೆದು ‘ಏನಾಯ್ತು ಮಗಾ’ ಎಂದು ಕೇಳಿ, ಉತ್ತರ ಬರದಿದ್ದರೆ ನಾಳೆಯೂ ಕೇಳಿ.

2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು. ಅದರ ರಾಷ್ಟ್ರೀಯ ಹೊಣೆ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನದೇ. ಕನ್ನಡದಲ್ಲಿ ಮಾತಾಡಬಹುದು, ಬೇರೆ ಭಾರತೀಯ ಭಾಷೆಗಳಲ್ಲೂ ಮಾತಾಡಬಹುದು. ಮಗುವಿಗೆ ಮನೆಯಲ್ಲೋ ಹೊರಗೋ ಯಾರಿಂದಾದರೂ ತೊಂದರೆಯಾಗುತ್ತಿದೆ ಎಂಬ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕ್ಲಾಸಿನ ಗೋಡೆಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ.